ಮುಗಿಲಿಂದ ಜಿಗಿಯುವವರ ಬಳಗ

(ಶಿಗ್ಗಾಂವದಲ್ಲಿ ಓದುಗರ ಸಂಜೆಯ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ವಿಮಾನದಿಂದ ಜಿಗಿಯುವುದನ್ನೇ ಹವ್ಯಾಸ ಮಾಡಿಕೊಂಡವರಿಗೆ ಸ್ಕೈಡೈವರ್ ಎನ್ನುತ್ತಾರೆ. ಈ ಮಂದಿ ತಮ್ಮ ಗುಂಪಿಗೆ ಸೇರದ ನಮ್ಮಂಥವರನ್ನು ಕರೆಯಲು ಒಂದು ಪದ ಇಟ್ಟುಕೊಂಡಿದ್ದಾರೆ. 'ವಫೋ' ಅಂತ. 'ವಾಟ್ ಫಾರ್', ಅಂದರೆ 'ಯಾತಕ್ಕಾಗಿ' ಎಂಬ ಇಂಗ್ಲಿಷ್ ಮಾತು ಆಡುವವರ ಬಾಯಲ್ಲಿ ಸವೆದು ಸವೆದು ಹೀಗಾಗಿದೆ. ಚಲೋ ಹಾರುತ್ತಿರುವ ವಿಮಾನದಿಂದ ಯಾತಕ್ಕಾಗಿ ಜಿಗಿಯುತ್ತೀರಿ ಎಂದು ಕೇಳುವವರೆಲ್ಲ ವಫೋಗಳು. ನಾನೂ ಒಬ್ಬ ವಫೋ. ಸಭೆ ಸುರುವಾಗುವ ಮೊದಲು ಇಲ್ಲಿಯ ಹಿರಿಯರೊಬ್ಬರು ನನ್ನನ್ನು 'ಯಾಕ ಜಿಗೀತಾರಪಾ ಅವರು? ಮನ್ಯಾಗ ಏನ್ ಕಡಿಮಿ ಆಗೇತಿ?' ಎಂದು ಕೇಳಿದರು. ಅವರಿಗೂ ಆ ಪದವಿ ಸಂದಿತು.

ಆದರೆ ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯವರು ಕೇಳಬಾರದು. ದೀಪಾವಳಿ ಮುಗಿಯಿತೆಂದರೆ ನಮ್ಮ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ ಕಟ್ಟಿಸಿಕೊಂಡು, ಬಲೂನು, ರಿಬ್ಬನ್ನು ಹೊತ್ತು ಬಿರುಗಾಳಿಯಂತೆ ಬರುವ ಹೋರಿಯ ಕೊರಳಿಗೆ ಕೈ ಹಾಕಿ ಕೊಬ್ಬರಿ ಹರಿಯುವ ಹುಡುಗನಿಗೆ ಮನೆಯಲ್ಲಿ ಕೊಬ್ಬರಿ ಇಲ್ಲವೆಂದಲ್ಲ. ಅವನು ಯಾಕೆ ಓಡುತ್ತಾನೆಂದು ನಿಮಗೆ ಗೊತ್ತು. ಹಾಗಾದರೆ ಅವರು ಯಾಕೆ ಜಿಗಿಯುತ್ತಾರೆಂಬುದೂ ನಿಮಗೆ ಅರ್ಧ ಗೊತ್ತಿದ್ದ ಹಾಗೆಯೇ. ಆ ಪ್ರಶ್ನೆಯನ್ನು ಅಲ್ಲಿಗೇ ಬಿಡೋಣ.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ. ಈ ಸ್ಕೈಡೈವರುಗಳು ದೇಶ ದೇಶ ಸುತ್ತುತ್ತಾರೆ. ಭಾಷೆ ಬಾರದ, ಗುರುತಿಲ್ಲದ ಊರಿನ ಮೈದಾನಕ್ಕೆ ಬೆನ್ನ ಮೇಲೊಂದು ಚೀಲ ಹೊತ್ತು ಬಂದಿಳಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೆಳಿಗ್ಗೆ ಕಂಡವರ ಕೈ ಹಿಡಿದು ಹದಿಮೂರು ಸಾವಿರ ಅಡಿ ಎತ್ತರದಿಂದ ಜಿಗಿದಿರುತ್ತಾರೆ. ಇಷ್ಟು ಬೇಗ ಇಷ್ಟು ದೊಡ್ಡ ನಂಬಿಕೆ ಹೇಗೆ ಕೂಡುತ್ತದೆ? ನಮ್ಮಲ್ಲಿ ಪಕ್ಕದ ಹೊಲದವನಿಗೆ ನೀರಿನ ಪಾಳಿ ಬಿಟ್ಟುಕೊಡುವಷ್ಟು ನಂಬಿಕೆ ಬೆಳೆಯಲು ಎರಡು ತಲೆಮಾರು ಬೇಕಾಗುತ್ತದೆ.

ಸ್ವಲ್ಪ ಹಿಂದಿನಿಂದ ಬರೋಣ. ಎತ್ತರದಿಂದ ಪ್ಯಾರಾಚೂಟಿನಲ್ಲಿ ಇಳಿದು ತೋರಿಸಿದ ಮೊದಲಿಗರಲ್ಲಿ ಫ್ರಾನ್ಸಿನ ಆಂದ್ರೆ ಜಾಕ್ ಗಾರ್ನರಿನ್ ಮುಖ್ಯನಾದವನು. 1797ರ ಅಕ್ಟೋಬರ್ 22ರಂದು ಪ್ಯಾರಿಸಿನ ಉದ್ಯಾನವೊಂದರ ಮೇಲೆ ಬಲೂನಿನಿಂದ ಕಳಚಿಕೊಂಡು, ಛತ್ರಿಯ ಕೆಳಗಿನ ಬುಟ್ಟಿಯಲ್ಲಿ ತೂಗಾಡುತ್ತ ಇಳಿದ. ಎರಡು ವರ್ಷಗಳ ನಂತರ ಅವನಿಂದಲೇ ಕಲಿತ ಜಾನ್ ಜೆನೆವೀವ್ ಲಾಬ್ರೋಸ್ ಎಂಬಾಕೆ ಹಾಗೆಯೇ ಇಳಿದಳು. ಆಮೇಲೆ ನೂರು ವರ್ಷ ಇದು ಜಾತ್ರೆಯ ಆಟವಾಗಿಯೇ ಉಳಿಯಿತು. ಲೋಕ ಸುತ್ತುವ ಜಿಗಿತಗಾರ ಹುಟ್ಟಿದ್ದೂ ಆ ಜಾತ್ರೆಯಲ್ಲೇ. ಇಂಗ್ಲೆಂಡಿನ ಪರ್ಸಿವಲ್ ಸ್ಪೆನ್ಸರ್ 1889ರಲ್ಲಿ ಬಲೂನು, ಪ್ಯಾರಾಚೂಟುಗಳನ್ನು ಹಡಗಿಗೇರಿಸಿಕೊಂಡು ಮುಂಬಯಿಗೆ ಬಂದ. ಅಲ್ಲಿಂದ ಕಲ್ಕತ್ತೆ, ಸಿಂಗಪುರ, ಕೊನೆಗೆ 1890ರಲ್ಲಿ ಜಪಾನು. ಟೋಕಿಯೋದಲ್ಲಿ ಚಕ್ರವರ್ತಿಯ ಎದುರು ಇಳಿದ. ಮರುವರ್ಷ ಅವನ ಈ ಸಾಹಸವನ್ನೇ ಹೊಸೆದು ಅಲ್ಲಿಯವರು ಕಬುಕಿ ನಾಟಕ ಆಡಿದರು! ನಮ್ಮ ದೊಡ್ಡಾಟದವರಿಗೂ ಹೀಗೊಂದು ವಸ್ತು ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಕಲ್ಕತ್ತೆಯಲ್ಲಿ ಸ್ಪೆನ್ಸರನ ಶಿಷ್ಯನಾದವರು ರಾಮಚಂದ್ರ ಚಟರ್ಜಿ. 1890ರಲ್ಲಿ ಅವರೂ ಬಲೂನಿನಿಂದ ಪ್ಯಾರಾಚೂಟಿನಲ್ಲಿ ಇಳಿದರು. ವಿಮಾನವೇ ಹುಟ್ಟದ ಕಾಲದ ಮಾತಿದು.

ವಿಮಾನ ಬಂದ ಮೇಲೆ ಪ್ಯಾರಾಚೂಟು ಜೀವ ಉಳಿಸುವ ಸಾಧನವಾಯಿತು. ಅಮೆರಿಕದ ಲೆಸ್ಲಿ ಅರ್ವಿನ್ 1919ರ ಏಪ್ರಿಲಿನಲ್ಲಿ ವಿಮಾನದಿಂದ ಜಿಗಿದು, ಒಂದಷ್ಟು ದೂರ ಸುಮ್ಮನೆ ಬಿದ್ದು, ಆಮೇಲೆ ತಾನೇ ದಾರ ಎಳೆದು ಪ್ಯಾರಾಚೂಟು ಬಿಚ್ಚಿ ತೋರಿಸಿದ. ಗಾಳಿಯಲ್ಲಿ ಬೀಳುವಾಗ ಮನುಷ್ಯನ ಎಚ್ಚರ ತಪ್ಪುತ್ತದೆ ಎಂದು ಅಲ್ಲಿಯವರೆಗೆ ಬಹಳ ಜನ ನಂಬಿದ್ದರು. ಅರ್ವಿನನ ಕಂಪನಿ ಮುಂದೆ ಒಂದು ವಿಚಿತ್ರ ಸಂಘವನ್ನು ನಡೆಸಿತು. 1922ರಲ್ಲಿ ಹುಟ್ಟಿದ ಈ ಸಂಘದ ಹೆಸರು 'ಕ್ಯಾಟರ್‌ಪಿಲ್ಲರ್ ಕ್ಲಬ್', ಕಂಬಳಿಹುಳುವಿನ ಸಂಘ. ಆಪತ್ತಿನಲ್ಲಿ ವಿಮಾನ ಬಿಟ್ಟು ಜಿಗಿದು, ಪ್ಯಾರಾಚೂಟಿನಿಂದ ಜೀವ ಉಳಿದವರಿಗೆ ಮಾತ್ರ ಇಲ್ಲಿ ಸದಸ್ಯತ್ವ. ಕಾಸು ಕೊಟ್ಟು ಸೇರುವಂತಿಲ್ಲ, ಶಿಫಾರಸು ನಡೆಯುವುದಿಲ್ಲ. ಸದಸ್ಯನಾದವನಿಗೆ ಚಿನ್ನದ ಒಂದು ಪುಟ್ಟ ಹುಳು, ಅಂಗಿಗೆ ಸಿಕ್ಕಿಸಿಕೊಳ್ಳಲು. ಆ ಕಾಲದ ಪ್ಯಾರಾಚೂಟು ರೇಷ್ಮೆಯದು. ಅದಕ್ಕೇ ಈ ಹುಳುವಿನ ಹೆಸರು. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ನಾಲ್ಕು ಸಲ ಹೀಗೆ ಜೀವ ಉಳಿಸಿಕೊಂಡವನು. ಎರಡನೇ ಮಹಾಯುದ್ಧದ ಹೊತ್ತಿಗೆ ನೈಲಾನ್ ಬಂದು ರೇಷ್ಮೆಯ ಕಾಲ ಮುಗಿಯಿತು. ರೇಷ್ಮೆ ಬೆಳೆಯುವ ನಾಡಿನವರಾದ ನಾವು ಆ ಹುಳುವನ್ನಾದರೂ ನೆನೆಯಬಹುದು.

ಇನ್ನು ಇಂದಿನ ಪ್ಯಾರಾಚೂಟು. ಸಿನಿಮಾದಲ್ಲಿ ಕಾಣುವ ದುಂಡನೆಯ ಕೊಡೆಯನ್ನು ಹವ್ಯಾಸಿಗಳು ಬಹುಮಟ್ಟಿಗೆ ಬಿಟ್ಟಿದ್ದಾರೆ. ಈಗಿನದು ಆಯತಾಕಾರ, ಅಕ್ಕಪಕ್ಕ ಹೊಲಿದ ಉದ್ದುದ್ದ ಚೀಲಗಳಂತೆ. ಮುಂದಿನ ಬಾಯಿಂದ ಗಾಳಿ ತುಂಬಿದಾಗ ಅದು ಬಟ್ಟೆಯ ರೆಕ್ಕೆಯಾಗುತ್ತದೆ. ಇದನ್ನು 1960ರ ದಶಕದಲ್ಲಿ ರೂಪಿಸಿದ ಡೊಮಿನಾ ಜಾಲ್ಬರ್ಟ್ ಗಾಳಿಪಟ ಮಾಡುವವನು. ಈ ರೆಕ್ಕೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದು, ನೆಲ ಮುಟ್ಟುವ ಮೊದಲು ಎರಡೂ ಹಗ್ಗ ಕೆಳಗೆಳೆದು ವೇಗ ತಗ್ಗಿಸಬಹುದು. ಬಂಕಾಪುರದ ಕೋಟೆಯಲ್ಲಿ ನವಿಲು ಮರದಿಂದ ಇಳಿಯುವುದನ್ನು ನೋಡಿದವರಿದ್ದೀರಿ. ನೆಲ ಹತ್ತಿರ ಬಂದಾಗ ರೆಕ್ಕೆಯನ್ನು ಹೇಗೆ ಅಗಲಿಸಿ ಗಾಳಿಗೆ ಅಡ್ಡ ಹಿಡಿಯುತ್ತದೆ, ನೆನಪಿಸಿಕೊಳ್ಳಿ. ಅದೇ ಕ್ರಮ ಇದು.

ಬೀಳುವುದು ಹೇಗಿರುತ್ತದೆ? ಹದಿಮೂರು ಸಾವಿರ ಅಡಿಯಲ್ಲಿ ವಿಮಾನದ ಬಾಗಿಲು ತೆರೆದಾಗ ನೆಲಕ್ಕಿಂತ ಸುಮಾರು 25 ಡಿಗ್ರಿ ಹೆಚ್ಚು ಚಳಿ. ಜಿಗಿದ ಹತ್ತು ಹನ್ನೆರಡು ಸೆಕೆಂಡಿನಲ್ಲಿ ವೇಗ ಗಂಟೆಗೆ 190 ಕಿ.ಮೀ. ಆಸುಪಾಸಿಗೆ ಬಂದು ನಿಲ್ಲುತ್ತದೆ. ಭೂಮಿಯ ಸೆಳೆತಕ್ಕೆ ಗಾಳಿಯ ತಡೆ ಸರಿಸಮ ಆದ ಮೇಲೆ ವೇಗ ಏರುವುದಿಲ್ಲ. ಒಂದು ನಿಮಿಷಕ್ಕೆ ತುಸು ಕಡಿಮೆ ಹೀಗೆ ಬಿದ್ದು, ನಂತರ ಪ್ಯಾರಾಚೂಟು ಬಿಚ್ಚಿ ಐದಾರು ನಿಮಿಷ ತೇಲಿ ಇಳಿಯುತ್ತಾರೆ. ಇಲ್ಲೊಂದು ಸೋಜಿಗವಿದೆ. ಇಬ್ಬರು ಒಂದೇ ವೇಗದಲ್ಲಿ ಬೀಳುತ್ತಿದ್ದರೆ ಒಬ್ಬರಿಗೊಬ್ಬರು ನಿಂತ ಹಾಗೆ ಕಾಣುತ್ತಾರೆ. ಅಕ್ಕಪಕ್ಕ ಓಡುವ ಎರಡು ಬಸ್ಸಿನ ಕಿಟಕಿಯಿಂದ ಮಾತಾಡಿಕೊಂಡ ಹಾಗೆ. ಆಗ ಕೈ ಹಿಡಿಯಬಹುದು, ಗಾಳಿಯಲ್ಲೇ ವೃತ್ತ ಕಟ್ಟಬಹುದು. ದಪ್ಪಗಿದ್ದವರು ಬೇಗ ಬೀಳುತ್ತಾರೆ. ಅವರ ಜತೆ ಸರಿಯಾಗಿ ಇರಬೇಕೆಂದರೆ ತೆಳ್ಳಗಿನವರು ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳುತ್ತಾರೆ. ಜತೆಯವನಿಗಾಗಿ ತನ್ನ ಭಾರ ಹೆಚ್ಚಿಸಿಕೊಳ್ಳುವ ಆಟ ಇನ್ನೊಂದನ್ನು ನಾನು ಕಂಡಿಲ್ಲ.

ಈ ಕೈ ಹಿಡಿಯುವಿಕೆಯ ತುತ್ತತುದಿ 2006ರ ಫೆಬ್ರುವರಿ 8. ಥಾಯ್ಲೆಂಡಿನ ಉಡೋನ್ ಥಾನಿ ಎಂಬಲ್ಲಿ 31 ದೇಶಗಳ 400 ಮಂದಿ ಐದು ದೊಡ್ಡ ಸೈನಿಕ ವಿಮಾನಗಳಿಂದ ಜಿಗಿದು ಒಂದೇ ಹೂವಿನಂತೆ ಕೂಡಿಕೊಂಡರು. ಆ ಹೂವು ಇದ್ದದ್ದು ನಾಲ್ಕೂಕಾಲು ಸೆಕೆಂಡು. ಆದರೆ ಕೂಡುವುದಕ್ಕಿಂತ ಅಗಲುವುದು ಕಷ್ಟ. ಒಬ್ಬನ ತಲೆಯ ಮೇಲೆ ಇನ್ನೊಬ್ಬ ಪ್ಯಾರಾಚೂಟು ಬಿಚ್ಚಿದರೆ ಇಬ್ಬರೂ ಉಳಿಯಲಿಕ್ಕಿಲ್ಲ. ಆದ್ದರಿಂದ ಹೊರಸುತ್ತಿನವರು ಮೊದಲು, ನಂತರ ಒಳಸುತ್ತಿನವರು ಎಂದು ಅಲೆ ಅಲೆಯಾಗಿ ದಿಕ್ಕು ದಿಕ್ಕಿಗೆ ಸರಿಯಬೇಕು. 31 ದೇಶಗಳ ಜನ, ನಾನಾ ಭಾಷೆ. ಒಬ್ಬ ಆತುರ ಪಟ್ಟಿದ್ದರೆ ಸಾಕಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಗುರುತಿಲ್ಲದವನನ್ನು ಹೇಗೆ ನಂಬುತ್ತಾರೆ? ಜಿಗಿಯುವ ಮೈದಾನಕ್ಕೆ 'ಡ್ರಾಪ್ ಜೋನ್' ಎನ್ನುತ್ತಾರೆ. ಹೊಸಬನೊಬ್ಬ ಅಲ್ಲಿಗೆ ಬಂದರೆ ಮೊದಲು ಕೇಳುವುದು ಲಾಗ್ ಬುಕ್, ಜಿಗಿತದ ದಿನಚರಿ. ಪ್ರತಿ ಜಿಗಿತದ ತಾರೀಖು, ಜಾಗ, ಎತ್ತರ, ಏನು ಮಾಡಿದ ಎಂಬುದೆಲ್ಲ ಅದರಲ್ಲಿರುತ್ತದೆ. ಜತೆಗೆ ಜಿಗಿದ ಇನ್ನೊಬ್ಬನ ಸಹಿ ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ 25 ಜಿಗಿತಕ್ಕೆ ಮೊದಲ ಪರವಾನಿಗೆ, 50ಕ್ಕೆ ಎರಡನೆಯದು, 200ಕ್ಕೆ ಮೂರನೆಯದು, 500ಕ್ಕೆ ಕೊನೆಯದು. ಬರೀ ಸಂಖ್ಯೆ ಸಾಲದು, ಪರೀಕ್ಷೆಗಳೂ ಇವೆ. ಆಮೇಲೆ ಬೆನ್ನ ಚೀಲ ನೋಡುತ್ತಾರೆ. ಅದರಲ್ಲಿ ಎರಡು ಪ್ಯಾರಾಚೂಟು. ಮುಖ್ಯವಾದದ್ದನ್ನು ಜಿಗಿಯುವವನೇ ಮಡಚಿಕೊಳ್ಳಬಹುದು. ಆಪತ್ತಿನದನ್ನು ಮಡಚಲು 'ರಿಗ್ಗರ್' ಎಂಬ ಪರವಾನಿಗೆ ಪಡೆದ ಕುಶಲಕರ್ಮಿಯೇ ಬೇಕು. ಬಳಸಲಿ ಬಿಡಲಿ, ಅಮೆರಿಕದಲ್ಲಿ 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ, ನೋಡಿ, ಮತ್ತೆ ಮಡಚಿ, ಮೊಹರು ಹಾಕಿ, ರಿಗ್ಗರ್ ತನ್ನ ಸಹಿ ಮಾಡಬೇಕು. ಜಗತ್ತಿನ ಯಾವುದೋ ಮೂಲೆಯಲ್ಲಿ ಕೂತು ನಿಮ್ಮ ಜೀವವನ್ನು ಮಡಚಿಟ್ಟ ಆ ಮನುಷ್ಯನ ಮುಖವನ್ನೂ ಬಹುಶಃ ನೀವು ನೋಡಿರುವುದಿಲ್ಲ.

ನಂತರ ಸ್ಥಳೀಯರು ಮೈದಾನದ ಗುಣ ಹೇಳುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ವಿದ್ಯುತ್ ತಂತಿ ಎಲ್ಲಿದೆ, ಕೆರೆ ಎಲ್ಲಿದೆ ಎಂದೆಲ್ಲ. ಕೊನೆಯದು ನನಗೆ ಬಹಳ ಹಿಡಿಸಿದ ಪದ್ಧತಿ. ಚೀಲದ ಮುಚ್ಚಳವನ್ನು ಹಿಡಿದಿಡುವುದು ಒಂದು ಸಣ್ಣ ಪಿನ್ನು, ಹೆಣ್ಣುಮಕ್ಕಳ ತಲೆಪಿನ್ನಿಗಿಂತ ದೊಡ್ಡದಲ್ಲ. ಅದು ಬೆನ್ನ ಹಿಂದೆ ಇರುವುದರಿಂದ ಹೊತ್ತವನಿಗೆ ಕಾಣುವುದಿಲ್ಲ. ವಿಮಾನದ ಬಾಗಿಲಲ್ಲಿ ಅದು ತಾನಾಗಿ ಕಳಚಿದರೆ ಪ್ಯಾರಾಚೂಟು ಅಲ್ಲೇ ಬಿಚ್ಚಿ ವಿಮಾನದ ಬಾಲಕ್ಕೆ ಸುತ್ತಿಕೊಳ್ಳಬಹುದು. ಎಲ್ಲರೂ ಸಾಯಬಹುದು. ಅದಕ್ಕೇ ಜಿಗಿಯುವ ಮೊದಲು ಪಕ್ಕದವನಿಗೆ ಬೆನ್ನು ಕೊಟ್ಟು 'ಪಿನ್ ನೋಡು' ಎನ್ನುವುದು ರೂಢಿ. ಸಾವಿರ ಸಲ ಜಿಗಿದವನೂ ನಿನ್ನೆ ಮೊನ್ನೆ ಕಲಿತವನಿಗೆ ಬೆನ್ನು ಕೊಡುತ್ತಾನೆ. ಹೊಸಬ ಹಳಬನನ್ನು ತಡೆದು 'ನಿನ್ನ ಪಟ್ಟಿ ತಿರುಚಿದೆ, ಈಗ ಜಿಗಿಯಬೇಡ' ಎಂದರೆ ಹಳಬ ಸಿಟ್ಟಾಗುವುದಿಲ್ಲ, ಕೃತಜ್ಞತೆ ಹೇಳುತ್ತಾನೆ. ದೊಡ್ಡವರಿಗೆ ತಪ್ಪು ತೋರಿಸಿದರೆ ಉದ್ಧಟತನ ಎನ್ನಿಸಿಕೊಳ್ಳುವ ನಮ್ಮ ಕಚೇರಿ, ಶಾಲೆಗಳಲ್ಲಿ ಇದನ್ನು ಸ್ವಲ್ಪ ಊಹಿಸಿಕೊಳ್ಳಿ. ಅವರ ಸ್ನೇಹ ನಿಂತಿರುವುದು ಈ ತಡೆಯುವ ಹಕ್ಕಿನ ಮೇಲೆ ಎಂದು ನನ್ನ ತಿಳಿವಳಿಕೆ.

ಇದರ ಮೇಲೆ ಉಳಿದದ್ದೆಲ್ಲ ಬೆಳೆದಿದೆ. ಪರವೂರ ಪೈಲವಾನ ಬಂದರೆ ನಮ್ಮ ಗರಡಿಮನೆಯವರು ಜಾಗ, ಊಟ ಕೊಟ್ಟು ಮಣ್ಣಿಗಿಳಿಸುವಂತೆ, ಮೈದಾನದವರು ಹೊಸಬನಿಗೆ ಮಲಗಲು ಮೂಲೆ ತೋರಿಸುತ್ತಾರೆ. ಮೊದಲ ಸಲ ಏನು ಮಾಡಿದರೂ ಅವನೇ ಎಲ್ಲರಿಗೆ ಬಿಯರ್ ತರಿಸಬೇಕು. ನೂರನೇ ಜಿಗಿತ ಮುಗಿಸಿ ನೆಲಕ್ಕಿಳಿದವನ ಮುಖಕ್ಕೆ ಕೆನೆಯ ಕಡುಬು ಬಳಿಯುತ್ತಾರೆ. ಬೀಳ್ಕೊಡುವಾಗ 'ಬ್ಲೂ ಸ್ಕೈಸ್' ಎನ್ನುತ್ತಾರೆ, ನಿನಗೆ ಮೋಡವಿಲ್ಲದ ಮುಗಿಲು ಸಿಗಲಿ ಎಂದು. ಸತ್ತವರಿಗೂ ಅದನ್ನೇ ಹೇಳುತ್ತಾರೆ. ಕೆಲವರು ಗೆಳೆಯನ ಬೂದಿಯನ್ನು ಜತೆಗೆ ಒಯ್ದು ಜಿಗಿಯುವಾಗ ಗಾಳಿಗೆ ಬಿಡುವುದುಂಟು.

ವಯಸ್ಸಿನ ಅಂತರವೂ ಇಲ್ಲಿ ಸವೆಯುತ್ತದೆ. 1960ರ ಆಗಸ್ಟಿನಲ್ಲಿ ಅಮೆರಿಕದ ಜೋಸೆಫ್ ಕಿಟಿಂಜರ್ 1,02,800 ಅಡಿ ಎತ್ತರದ ಬಲೂನಿನಿಂದ ಜಿಗಿದರು. ಆ ದಾಖಲೆ 52 ವರ್ಷ ಉಳಿಯಿತು. 2012ರ ಅಕ್ಟೋಬರ್ 14ರಂದು ಆಸ್ಟ್ರಿಯಾದ ಫೆಲಿಕ್ಸ್ ಬಾಮ್‌ಗಾರ್ಟ್‌ನರ್ 39 ಕಿ.ಮೀ. ಎತ್ತರದಿಂದ ಜಿಗಿದು ಅದನ್ನು ಮುರಿದ. ಅಂದು ಕೆಳಗಿನಿಂದ ರೇಡಿಯೋದಲ್ಲಿ ಅವನಿಗೆ ಒಂದೊಂದೇ ಹೆಜ್ಜೆ ಹೇಳಿಕೊಟ್ಟ ದನಿ ಯಾರದು? 84 ವರ್ಷದ ಕಿಟಿಂಜರ್ ಅವರದೇ. ತನ್ನ ದಾಖಲೆ ಮುರಿಯಲು ಬಂದವನಿಗೆ ತಾನೇ ದಾರಿ ಹೇಳಿದರು. ಕಿಟಿಂಜರ್ 2022ರಲ್ಲಿ ತೀರಿಕೊಂಡರು. ಬಾಮ್‌ಗಾರ್ಟ್‌ನರ್ 2025ರ ಜುಲೈನಲ್ಲಿ ಇಟಲಿಯಲ್ಲಿ ಪ್ಯಾರಾಗ್ಲೈಡರ್ ಅಪಘಾತದಲ್ಲಿ ಸತ್ತ.

ನಮ್ಮ ದೇಶಕ್ಕೆ ಬರೋಣ. ಸೈನ್ಯದಲ್ಲಿ ಮೊದಲು ಜಿಗಿದ ಭಾರತೀಯರು ವೈದ್ಯಾಧಿಕಾರಿ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್, 1941ರಲ್ಲಿ. ಇದೇ ರಂಗರಾಜ್ ಹತ್ತು ವರ್ಷದ ಮೇಲೆ ಕೊರಿಯಾ ಯುದ್ಧದಲ್ಲಿ ತಮ್ಮ ವೈದ್ಯಕೀಯ ತುಕಡಿಯ ಕೆಲವರೊಂದಿಗೆ ಅಮೆರಿಕದ ಪ್ಯಾರಾ ಸೈನಿಕರ ಜತೆ ಜಿಗಿದು ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮಹಾವೀರ ಚಕ್ರ ಪಡೆದರು. 1959ರಲ್ಲಿ ವಾಯುಸೇನೆಯ ವೈದ್ಯೆ ಗೀತಾ ಚಂದಾ ಜಿಗಿದರು. ಹವ್ಯಾಸಿ ಜಿಗಿತದಲ್ಲಿ ಹೆಸರು ಮಾಡಿದವರು ರೈಲ್ವೆಯ ರೇಚಲ್ ಥಾಮಸ್. 1979ರಲ್ಲಿ ಆಗ್ರಾದಲ್ಲಿ ಆರಂಭಿಸಿ, 11 ದೇಶಗಳಲ್ಲಿ 650ಕ್ಕೂ ಮಿಕ್ಕಿ ಸಲ ಜಿಗಿದರು. 2002ರ ಏಪ್ರಿಲಿನಲ್ಲಿ ಉತ್ತರ ಧ್ರುವದ ಮೇಲೆ ಇಳಿದರು. 2005ರಲ್ಲಿ ಪದ್ಮಶ್ರೀ ಬಂತು.

ಪುಣೆಯ ಶೀತಲ್ ಮಹಾಜನ್ ಅವರದು ಇನ್ನೂ ವಿಚಿತ್ರ. ಅವರ ಜೀವನದ ಮೊಟ್ಟಮೊದಲ ಜಿಗಿತವೇ 2004ರ ಏಪ್ರಿಲ್ 18ರಂದು ಉತ್ತರ ಧ್ರುವದ ಮೇಲೆ, ಸೊನ್ನೆಗಿಂತ 37 ಡಿಗ್ರಿ ಕೆಳಗಿನ ಚಳಿಯಲ್ಲಿ. 2006ರಲ್ಲಿ ಅಂಟಾರ್ಕ್ಟಿಕಾ. 2011ರಲ್ಲಿ ಪದ್ಮಶ್ರೀ. 2018ರ ಫೆಬ್ರುವರಿಯಲ್ಲಿ ಥಾಯ್ಲೆಂಡಿನಲ್ಲಿ ಕಚ್ಚೆ ಹಾಕಿ ಉಡುವ ಒಂಬತ್ತು ವಾರಿಯ ಸೀರೆಯಲ್ಲಿ ಹದಿಮೂರು ಸಾವಿರ ಅಡಿಯಿಂದ ಜಿಗಿದರು. ಹಿಂದಿನ ಸಾಲಿನ ತಾಯಂದಿರು ನಗುತ್ತಿದ್ದೀರಿ. ಗಂಟೆಗೆ 190 ಕಿ.ಮೀ. ಗಾಳಿಯಲ್ಲಿ ಸೀರೆ ಪ್ಯಾರಾಚೂಟಿನ ಹಗ್ಗಕ್ಕೆ ಸಿಕ್ಕರೆ ಏನಾದೀತು ಎಂಬುದನ್ನು ಉಟ್ಟವರೇ ಚೆನ್ನಾಗಿ ಊಹಿಸಬಲ್ಲರು. ಸೆರಗು ಕದಲದ ಹಾಗೆ ಕಟ್ಟಿಕೊಳ್ಳುವುದು ದೊಡ್ಡ ತಯಾರಿಯ ಕೆಲಸ. 2023ರ ನವೆಂಬರಿನಲ್ಲಿ ಎವರೆಸ್ಟಿನ ಎದುರು 21,500 ಅಡಿಯಿಂದಲೂ ಅವರು ಜಿಗಿದರು.

ಪುಣೆಯವರು ಥಾಯ್ಲೆಂಡಿಗೆ ಯಾಕೆ ಹೋಗಬೇಕು? ಕೇಳತಕ್ಕ ಪ್ರಶ್ನೆ. ಜಿಗಿಯುವುದಕ್ಕೆ ವಿಮಾನ ಬೇಕು, ಖಾಲಿ ಆಕಾಶ ಬೇಕು, ಹತ್ತಾರು ಇಲಾಖೆಗಳ ಒಪ್ಪಿಗೆ ಬೇಕು. ವರ್ಷವಿಡೀ ನಡೆಯುವ ಮೈದಾನಗಳು ನಮ್ಮಲ್ಲಿ ಬೆರಳೆಣಿಕೆ. ಮೈಸೂರಿನಲ್ಲಿ ಶಿಬಿರಗಳು ನಡೆದದ್ದುಂಟು, ಮಧ್ಯಪ್ರದೇಶದ ಉಜ್ಜಯಿನಿಯಲ್ಲಿ ಈಚಿನ ವರ್ಷಗಳಲ್ಲಿ ಉತ್ಸವ ನಡೆದಿದೆ, ಹರಿಯಾಣದ ನಾರ್ನೌಲದಲ್ಲಿ ಕೇಂದ್ರವಿದೆ. ಅಷ್ಟರಲ್ಲಿ ನೂರಿನ್ನೂರು ಜಿಗಿತ ಪೂರೈಸುವುದು ಕಷ್ಟ. ಹಾಗಾಗಿ ಹಣವಿದ್ದವರು ದುಬೈ, ಸ್ಪೇನ್, ಅಮೆರಿಕಕ್ಕೆ ಹೋಗುತ್ತಾರೆ. ಹಣವಿಲ್ಲದವರ ಪಾಲಿಗೆ ಆಕಾಶ ತೆರೆದಿರುವುದು ಸೈನ್ಯದ ಮೂಲಕ. ನಮ್ಮ ಭಾಗದ ರೈತರ ಮಕ್ಕಳಿಗೆ ಇದು ಹೊಸ ಮಾತಲ್ಲ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲೇ ಇದೆ. ಜಿಗಿತ ಕಲಿಸುವುದು ಆಗ್ರಾದ ಶಾಲೆಯಲ್ಲಿ. ರಾತ್ರಿಯದೊಂದು ಸೇರಿ ಐದು ಜಿಗಿತ ಮುಗಿಸಿದರೆ ಎದೆಗೆ ರೆಕ್ಕೆಯ ಬಿಲ್ಲೆ. ಕ್ರಿಕೆಟಿಗ ಧೋನಿ 2015ರಲ್ಲಿ ಪಡೆದದ್ದು ಇದನ್ನೇ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ತ್ರಿವರ್ಣ ಹೊತ್ತು ಇಳಿಯುವ ವಾಯುಸೇನೆಯ 'ಆಕಾಶಗಂಗಾ' ತಂಡ 1987ರದು, ಅದರ ನೆಲೆಯೂ ಆಗ್ರಾ.

ಆಗ್ರಾದ ಹೆಸರು ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. 2025ರ ಫೆಬ್ರುವರಿಯಲ್ಲಿ ಅಲ್ಲಿ ತರಬೇತಿಯ ಜಿಗಿತವೊಂದರಲ್ಲಿ ಪ್ಯಾರಾಚೂಟು ತೆರೆಯದೆ ವಾಯುಸೇನೆಯ ವಾರಂಟ್ ಆಫೀಸರ್ ಒಬ್ಬರು ತೀರಿಕೊಂಡರು. ಅವರು ನಮ್ಮವರು, ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನವರು. ಬೇರೆಯವರಿಗೆ ಜಿಗಿತ ಕಲಿಸುವ ಗುರುವಾಗಿದ್ದವರು. ಇನ್ನೂ ನಲವತ್ತು ತುಂಬಿರಲಿಲ್ಲ. ಏಪ್ರಿಲಿನಲ್ಲಿ ಅದೇ ಊರಿನಲ್ಲಿ ಆಕಾಶಗಂಗಾ ತಂಡದ ಇನ್ನೊಬ್ಬ ತರಬೇತುದಾರರು ಹೀಗೆಯೇ ಹೋದರು. ನಮ್ಮ ಪತ್ರಿಕೆಗಳಲ್ಲಿ ಒಂದು ದಿನ ಸುದ್ದಿ, ಮರುದಿನ ಅಂತ್ಯಕ್ರಿಯೆಯ ಚಿತ್ರ, ಅಲ್ಲಿಗೆ ಮುಗಿಯಿತು.

ಹವ್ಯಾಸಿಗಳ ಬಳಗ ಹಾಗೆ ಮುಗಿಸುವುದಿಲ್ಲ. ಅಮೆರಿಕದ ಪ್ಯಾರಾಚೂಟ್ ಸಂಘ ಪ್ರತಿ ಸಾವನ್ನೂ ಎಣಿಸುತ್ತದೆ. ಯಾವ ಎತ್ತರದಲ್ಲಿ ಏನಾಯಿತು, ಯಾವ ಹಿಡಿಕೆ ಎಳೆದರು, ಎಷ್ಟು ಅನುಭವವಿತ್ತು ಎಂದು ಹೆಸರು ಹೇಳದೆ ಬರೆದು ಎಲ್ಲರಿಗೂ ಓದಿಸುತ್ತದೆ. 2023ರಲ್ಲಿ ಅಲ್ಲಿ ಸುಮಾರು 36 ಲಕ್ಷ 50 ಸಾವಿರ ಜಿಗಿತಗಳಲ್ಲಿ ಸತ್ತವರು 10 ಮಂದಿ. ಈ ಸಂಖ್ಯೆ ಸುಮ್ಮನೆ ಇಳಿದದ್ದಲ್ಲ. ಜರ್ಮನಿಯ ಹೆಲ್ಮುಟ್ ಕ್ಲೋಥ್ ಜಿಗಿತದಲ್ಲಿ ಗೆಳೆಯನನ್ನು ಕಳೆದುಕೊಂಡ ಮೇಲೆ ಒಂದು ಪುಟ್ಟ ಯಂತ್ರ ಮಾಡಲು ಕುಳಿತ. 1991ರಲ್ಲಿ ಬಂದ 'ಸೈಪ್ರೆಸ್' ಎಂಬ ಆ ಯಂತ್ರ, ಜಿಗಿದವನು ನೆಲದಿಂದ ಸುಮಾರು 750 ಅಡಿ ಎತ್ತರದಲ್ಲಿದ್ದು ಇನ್ನೂ ವೇಗವಾಗಿ ಬೀಳುತ್ತಿದ್ದರೆ ತಾನೇ ಆಪತ್ತಿನ ಪ್ಯಾರಾಚೂಟನ್ನು ಬಿಡಿಸುತ್ತದೆ. ಪ್ರಜ್ಞೆ ತಪ್ಪಿದವರು, ಗಾಬರಿಯಲ್ಲಿ ಕೈ ಆಡದವರು ಎಷ್ಟೋ ಮಂದಿ ಇದರಿಂದ ಬದುಕಿದ್ದಾರೆ.

ನಮ್ಮ ಹೋರಿ ಹಬ್ಬದಲ್ಲಿ ಪ್ರತಿ ವರ್ಷ ಯಾರು ತಿವಿಸಿಕೊಂಡರು, ಎಲ್ಲಿ ನಿಂತಿದ್ದಾಗ, ಬೇಲಿ ಇತ್ತೋ ಇಲ್ಲವೋ ಎಂದು ಯಾವ ಊರಿನವರಾದರೂ ಒಂದು ವಹಿಯಲ್ಲಿ ಬರೆದಿಟ್ಟಿದ್ದಾರೆಯೇ? ಸತ್ತವನು ನೋಡಲು ಬಂದವನೋ ಹಿಡಿಯಲು ಬಂದವನೋ ಎಂಬುದೂ ಎರಡು ದಿನಕ್ಕೆ ಮರೆಯುತ್ತದೆ. ಹಬ್ಬ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಈ ವರ್ಷ ನಿಮ್ಮ ಊರ ಕಮಿಟಿಯವರು ಅಂಥದೊಂದು ವಹಿ ಇಡುವುದಾದರೆ ಅದನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿಸುವ ಪ್ರಯತ್ನ ನನ್ನದು.

ಕೊನೆಯದಾಗಿ, ಮುಂದಿನ ಸಾಲಿನ ಹುಡುಗಿ ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆ. ಒಮ್ಮೆ ಜಿಗಿದು ನೋಡಲು ಏನು ಬೇಕು ಎಂದು ಕೇಳಿದ್ದಾಳೆ. ಒಮ್ಮೆ ನೋಡುವುದಕ್ಕೆ 'ಟ್ಯಾಂಡೆಮ್' ಜಿಗಿತವಿದೆ. ಅನುಭವಿಯೊಬ್ಬ ನಿನ್ನನ್ನು ತನ್ನ ಎದೆಗೆ ಪಟ್ಟಿಗಳಿಂದ ಬಿಗಿದುಕೊಂಡು ಜಿಗಿಯುತ್ತಾನೆ. ಇಬ್ಬರಿಗೂ ಸೇರಿ ದೊಡ್ಡದೊಂದು ಪ್ಯಾರಾಚೂಟು. ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ತೂಕಕ್ಕೆ ಮಿತಿ ಇದೆ, ಹೃದಯದ ತೊಂದರೆ ಇದ್ದವರಿಗೆ ಬಿಡುವುದಿಲ್ಲ. ಕೇಂದ್ರಕ್ಕೆ ಹೋದಾಗ ಅವರ ಪರವಾನಿಗೆ ತೋರಿಸಿ ಎಂದು ಕೇಳು. ಆಪತ್ತಿನ ಪ್ಯಾರಾಚೂಟನ್ನು ಮಡಚಿದ ತಾರೀಖಿನ ಚೀಟಿ ಕೇಳು. ಸ್ವಯಂಚಾಲಿತ ಯಂತ್ರ ಇದೆಯೋ ಎಂದು ಕೇಳು. ಕೇಳಿದ್ದಕ್ಕೆ ಬೇಸರ ಮಾಡಿಕೊಂಡರೆ ದುಡ್ಡು ಕೊಡದೆ ವಾಪಸು ಬಾ. ತಾಯಿ ತಂದೆಗೆ ಹೇಳಿ ಹೋಗು.

ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು.